ಹನ್ನೊಂದು ತಿಂಗಳ ಸಿಟ್ಟು

"ಕೈ ಕೊಡಿ."

ಗಿರಿಜಾಂಬಿಕಾಳ ಬಲಗಾಲು ಮೊಣಕಾಲಿನವರೆಗೆ ಹಿಮದೊಳಗೆ ಇಳಿದುಹೋಗಿತ್ತು. ಮೇಲೆ ಗಟ್ಟಿಯಾಗಿ ಕಂಡ ಹಿಮ ಒಳಗೆಲ್ಲ ಕರಗಿ ನೀರಾಗಿತ್ತು. ಬಾಡಿಗೆ ಬೂಟಿನೊಳಗೆ ತಣ್ಣೀರು ನುಗ್ಗಿ ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಯಾರ ಕೈಯಾದರೇನು ಎಂದು ಹಿಡಿದುಕೊಂಡಳು. ಒಂದೇ ಎಳೆತಕ್ಕೆ ಮೇಲೆ ಬಂದು ತಲೆಯೆತ್ತಿ ನೋಡಿದಳು... ಮತ್ತೆ ಆ ಗುಂಡಿಗೇ ಇಳಿದುಬಿಡೋಣ ಅನ್ನಿಸಿತು.

ಹಾಲಸ್ವಾಮಿ!

ಹನ್ನೊಂದು ತಿಂಗಳ ಹಿಂದೆ ದಬ್ಬೇಘಟ್ಟದ ಅವಳ ಮನೆಯ ಪಡಸಾಲೆಯಲ್ಲಿ ಕೂತು, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಹೆಣ್ಣು ನೋಡಿ ಹೋದವನು. ಹೋದವನು ಹೋದ. ಒಪ್ಪಿಗೆ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಕಾರ್ಡಿಗೂ ಗತಿಯಿಲ್ಲದ ಮನೆಯೇನಲ್ಲ ಅವನದು. ಕಿಬ್ಬನಹಳ್ಳಿಯಲ್ಲಿ ಐದು ಎಕರೆ ತೆಂಗಿನ ತೋಟ, ಮೇಲೆ ದನದ ಡಾಕ್ಟರ ಕೆಲಸ.

ಅವನೂ ಅವಳನ್ನು ಗುರುತು ಹಿಡಿದ. ಹಿಡಿದಿದ್ದ ಕೈಯನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟ.

"ನೀವಾ..." ಎಂದ. ಅಷ್ಟೇ.

ತಪ್ಪು ಯಾರದೂ ಅಲ್ಲ. ತಿಪಟೂರಿನ ಕಾಲೇಜಿನಲ್ಲಿ ಪಾಠ ಹೇಳುವ ಸದಾಶಿವಯ್ಯ ಈ ಬೇಸಿಗೆ ರಜೆಯ ಹಿಮಾಲಯ ನಡಿಗೆಯನ್ನು ಗೊತ್ತು ಮಾಡಿದ್ದ. ಅವನ ಹೆಂಡತಿ ವಿಮಲ ಗಿರಿಜಾಳ ಗೆಳತಿ, ಹಾಲಸ್ವಾಮಿ ಅವನ ಗೆಳೆಯ. ಆ ಹೆಣ್ಣು ನೋಡುವ ಶಾಸ್ತ್ರದ ಸಂಗತಿ ಗಂಡ ಹೆಂಡತಿ ಇಬ್ಬರಿಗೂ ತಿಳಿಯದು. ಸೋತ ಮಾತನ್ನು ಯಾರು ತಾನೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ? ಹಾಲಸ್ವಾಮಿ ದೆಹಲಿಯ ಕಡೆ ಯಾವುದೋ ತರಬೇತಿಗೆ ಹೋಗಿದ್ದವನು ಅಲ್ಲಿಂದಲೇ ಹೊರಟು, ಮನಾಲಿ ದಾಟಿ, ಒಂದು ದಿನ ತಡವಾಗಿ ಇವರನ್ನು ಕೂಡಿಕೊಂಡಿದ್ದ.

ಗಿರಿಜಾ ತುರುವೇಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಈ ನಡಿಗೆಗೆ ಅವಳ ತಂದೆ ವೀರಭದ್ರಯ್ಯ ಸುಮ್ಮನೆ ಒಪ್ಪಿರಲಿಲ್ಲ. ಹುಳಿಯಾರಿನ ಜವಳಿ ಅಂಗಡಿಯವರ ಮನೆಯಿಂದ ಸಂಬಂಧ ಬಂದಿತ್ತು. ಹಿಂದಿರುಗಿದ ದಿನವೇ ಅದಕ್ಕೆ ಹೂಂ ಅನ್ನುವುದಾದರೆ ಹೋಗಿ ಬಾ ಎಂದಿದ್ದರು. ಬೇಡ ಅನ್ನಲು ಅವಳ ಹತ್ತಿರ ಕಾರಣವಿರಲಿಲ್ಲ. ಒಂದಿತ್ತು, ಅದನ್ನು ಹೇಳುವಂತಿರಲಿಲ್ಲ. ಆ ಕಾರಣ ಈಗ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಎದುರಿಗೇ ನಿಂತಿತ್ತು.

ಶಿಬಿರದ ನಾಯಕರು ಅವಳ ಕಷ್ಟವನ್ನು ಇನ್ನಷ್ಟು ಹೆಚ್ಚಿಸಿದರು. ಹಿಮ ಕರಗುವ ಕಾಲ, ಯಾರೂ ಒಂಟಿಯಾಗಿ ನಡೆಯಕೂಡದು, ಇಬ್ಬಿಬ್ಬರು ಜೊತೆಯಾಗಿ ಎಂದರು. ಗಂಡ ಹೆಂಡತಿ ಜೊತೆಯಾದರು. ಉಳಿದವರು ಇವರಿಬ್ಬರೇ.

"ಹೋಗೇ, ನಮ್ಮ ಕಡೆಯೋರೇ ಕಣೇ," ಎಂದು ವಿಮಲ ಬೆನ್ನು ತಟ್ಟಿದಳು.

ಅಲ್ಲಿಂದ ಎರಡು ಗಂಟೆ ಕಾಲ ಒಂದು ಮಾತಿಲ್ಲ. ಅವಳು ಬೇಗ ನಡೆದರೆ ಜಾರುತ್ತಿದ್ದಳು, ನಿಧಾನ ಮಾಡಿದರೆ ಅವನು ಹತ್ತಿರ ಬರುತ್ತಿದ್ದ. ಎರಡೂ ಬೇಡವಾಗಿತ್ತು. ಊರಿನಲ್ಲಿ ಜನ ಆಡಿದ ಮಾತುಗಳೆಲ್ಲ ಆ ಏರಿನಲ್ಲಿ ಒಂದೊಂದಾಗಿ ನೆನಪಾದವು. ಹುಡುಗಿಯ ಬಣ್ಣ ಕಡಿಮೆ, ಅದಕ್ಕೇ ಬಿಟ್ಟರು ಎಂದಿದ್ದರು. ಸಂಬಳ ತರುವ ಹೆಣ್ಣಿಗೆ ಬಾಯಿ ಜೋರಿರುತ್ತದೆ ಎಂದು ಹೆದರಿದರು ಎಂದಿದ್ದರು. ಗಂಡಿನವರು ಹೇಳಿ ಕಳಿಸುವ ತನಕ ಹೆಣ್ಣಿನವರು ಕೇಳುವಂತಿಲ್ಲ. ಪೋಸ್ಟಿನವನು ಬರುವ ಹೊತ್ತಿಗೆ ಅಪ್ಪ ಜಗುಲಿಯ ಮೇಲೆ ಬಂದು ಕೂರುತ್ತಿದ್ದರು, ಏನೂ ಕಾಯುತ್ತಿಲ್ಲ ಅನ್ನುವ ಹಾಗೆ.

ಬಿಟ್ಟರೆ ಬಿಟ್ಟ ಎಂದುಕೊಳ್ಳಬಹುದಿತ್ತು. ಆದರೆ ಅವನು ಅವತ್ತು ಒಂದು ಪ್ರಶ್ನೆ ಕೇಳಿದ್ದ. ಹಾಡಲು ಬರುತ್ತದೆಯೇ ಎಂದಲ್ಲ, ಅಡುಗೆ ಬರುತ್ತದೆಯೇ ಎಂದೂ ಅಲ್ಲ. ಮಕ್ಕಳಿಗೆ ಯಾವ ಪಾಠ ಹೇಳಿಕೊಡುವಾಗ ನಿಮಗೆ ಖುಷಿಯಾಗುತ್ತದೆ ಎಂದು ಕೇಳಿದ್ದ. ಅವಳಿಗೆ ಅವನು ಹಿಡಿಸಿಬಿಟ್ಟಿದ್ದ. ತನ್ನನ್ನು ಬೇಡವೆಂದವನ ಮೇಲಿನ ಆಸೆ ಇನ್ನೂ ಸತ್ತಿಲ್ಲವಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಸಿಟ್ಟು.

ಕಣಿವೆ ದಾರಿಯ ನೆತ್ತಿ ತಲುಪುವಷ್ಟರಲ್ಲಿ ಗಾಳಿ ಕಿವಿ ಕಿತ್ತುಕೊಂಡು ಹೋಗುವಂತಿತ್ತು. ಕಲ್ಲು ಪೇರಿಸಿ ಬಣ್ಣದ ಬಟ್ಟೆ ಕಟ್ಟಿದ ದೇವರ ಜಾಗವೊಂದಿತ್ತು. ಸದಾಶಿವಯ್ಯ ಚೀಲದಿಂದ ತಿಪಟೂರಿನ ತೆಂಗಿನಕಾಯಿ ತೆಗೆದ. ಇಷ್ಟು ದೂರ ಬಂದು ಕಾಯಿ ಒಡೆಯದೆ ಹೋಗುವುದುಂಟೆ ಎಂದು ನಗುತ್ತ, ಅದರ ನಾರನ್ನೆಲ್ಲ ಕಿತ್ತು ಚೊಕ್ಕಟ ಮಾಡತೊಡಗಿದ.

"ಜುಟ್ಟು ಕೀಳಬೇಡ ಕಣ್ಲಾ," ಹಾಲಸ್ವಾಮಿಯ ದನಿ ಗಡಸಾಗಿತ್ತು. "ಬೋಳುಗಾಯಿ ಯಾವಾಗ ಕೊಡ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತು."

ಹೇಳಿದ್ದು ಗೆಳೆಯನಿಗೆ. ನೋಡಿದ್ದು ಗಿರಿಜಾಳನ್ನು.

ಆ ನೋಟ ಅವಳಿಗೆ ಅರ್ಥವಾಗಲಿಲ್ಲ. ಕಾಯಿ ಒಡೆದು ಚೂರು ಹಂಚಿ, ಎಲ್ಲರೂ ಇಳಿಯತೊಡಗಿದರೂ ಅದು ಬೆನ್ನು ಬಿಡಲಿಲ್ಲ. ಹಿಮ ಮುಗಿದು ಕೆಸರು ಶುರುವಾಗಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಬೂಟು ಅಂಟಿಕೊಳ್ಳುತ್ತಿತ್ತು. ಎಡಗಾಲಿನ ಬೂಟು ಕೆಸರಿನಲ್ಲೇ ಉಳಿದು ಬರೀ ಕಾಲುಚೀಲ ಮೇಲೆ ಬಂದಾಗ ಅವಳ ತಾಳ್ಮೆ ತೀರಿಹೋಯಿತು.

"ಅಲ್ಲಿ ಯಾಕೆ ಹಾಗೆ ನೋಡಿದ್ರಿ ನನ್ನ?"

ಅವನು ಬಗ್ಗಿ ಬೂಟನ್ನು ಕಿತ್ತು ಕೊಟ್ಟ. ಆಮೇಲೆ ನಿಧಾನವಾಗಿ ಹೇಳಿದ.

"ನಿಮಗೆ ಇಷ್ಟ ಇರ್ಲಿಲ್ಲ ಅಂದ್ರೆ ಬಾಯಲ್ಲಿ ಹೇಳಬಹುದಿತ್ತು ಕಣ್ರೀ. ಎಲೆ ಅಡಿಕೆ ಚೀಲದೊಳಗೆ ಬೋಳುಗಾಯಿ ಇಟ್ಟು ಕಳಿಸೋದಾ?"

ಜುಟ್ಟು ಹೋದ ಕಾಯಿಯನ್ನು ಅವರ ಸೀಮೆಯಲ್ಲಿ ಶುಭಕಾರ್ಯಕ್ಕೆ ಯಾರೂ ಕೊಡುವುದಿಲ್ಲ. ಚಟ್ನಿಗೆ ಸರಿ, ಸಾವಿನ ಮನೆಗೆ ಸರಿ. ಅವತ್ತು ಸಂಜೆ ಅವನ ತಾಯಿ ತಾಂಬೂಲದ ಚೀಲ ಬಿಚ್ಚಿದಾಗ ಹಣ್ಣು, ಎಲೆ, ಅಡಿಕೆಯ ನಡುವೆ ಬೋಳುಗಾಯಿ ಕೂತಿತ್ತಂತೆ. ಬಾಯಲ್ಲಿ ಹೇಳಲು ಸಂಕೋಚಪಟ್ಟು ಕಾಯಲ್ಲಿ ಹೇಳಿದ್ದಾರೆ, ಇನ್ನು ಆ ಮನೆಯ ಸುದ್ದಿ ಎತ್ತಬೇಡಿ ಎಂದು ಅವನ ತಂದೆ ಎದ್ದು ಹೋದರಂತೆ.

ಗಿರಿಜಾ ಕೆಸರಿನಲ್ಲಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತೇ ಇದ್ದಳು. ಅವತ್ತಿನ ಹಿತ್ತಿಲು ಕಣ್ಣ ಮುಂದೆ ಬಂತು. ಅವಳೇ ಎರಡು ಕಾಯಿ ಸುಲಿದಿದ್ದಳು. ಮೊದಲನೆಯದರ ಜುಟ್ಟು ಕಿತ್ತು ಬಂದಿತ್ತು. ಅದನ್ನು ಚಟ್ನಿಗೆಂದು ಒಳಕಲ್ಲಿನ ಪಕ್ಕ ಇಟ್ಟು, ಜುಟ್ಟಿದ್ದ ಎರಡನೆಯದನ್ನು ತಟ್ಟೆಯಲ್ಲಿ ಇಟ್ಟಿದ್ದಳು. ಬಸ್ಸಿಗೆ ಹೊತ್ತಾಯಿತು ಎಂದು ಎಲ್ಲರೂ ಗಡಿಬಿಡಿ ಮಾಡುವಾಗ ಚೀಲ ತುಂಬಿದ್ದು ಅಜ್ಜಿ ಮೀನಾಕ್ಷಮ್ಮ. ಎರಡು ಕಣ್ಣಿಗೂ ಪೊರೆ ಬಂದಿದ್ದ ಅಜ್ಜಿ!

ಮಾರನೆಯ ಬೆಳಿಗ್ಗೆ ಚಟ್ನಿಗೆ ಒಡೆದ ಕಾಯಿಗೆ ಜುಟ್ಟಿತ್ತು. ಅದು ಈಗ ನೆನಪಾಯಿತು. ಅವತ್ತು ಅವಳು ಬೇರೆ ಯಾವುದೋ ಲಹರಿಯಲ್ಲಿದ್ದಳು. ಜುಟ್ಟು ಕಿತ್ತೆಸೆದು ಕಾಯಿ ಒಡೆದಿದ್ದಳು.

ಅವಳು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಒಂದು ಕಾಯಿಗಾಗಿ ಹನ್ನೊಂದು ತಿಂಗಳು... ಅಪ್ಪ ಜಗುಲಿಯಲ್ಲಿ ಕೂತ ಹನ್ನೊಂದು ತಿಂಗಳು, ಕನ್ನಡಿಯಲ್ಲಿ ತನ್ನ ಬಣ್ಣ ನೋಡಿಕೊಂಡು ಅತ್ತ ಹನ್ನೊಂದು ತಿಂಗಳು!

"ಕಾಯಿ ಹೇಳಿದ್ದನ್ನ ನಂಬಿದ್ರಿ. ನನ್ನ ಕೇಳ್ಬೇಕು ಅನ್ನಿಸಲಿಲ್ವಾ? ಕಿಬ್ಬನಹಳ್ಳಿಯಿಂದ ತುರುವೇಕೆರೆಗೆ ಬಸ್ಸಿರ್ಲಿಲ್ವಾ?"

"ಬಂದಿದ್ದೆ," ಎಂದ. "ಎರಡು ಸಲ. ನಿಮ್ಮ ಸ್ಕೂಲಿನ ಗೇಟಿನ ತನಕ."

ಅವಳು ಕೈಯಲ್ಲಿದ್ದ ಬೂಟನ್ನು ಕಾಲಿಗೆ ಏರಿಸಿದಳು.

"ಎರಡನೇ ಸಲ ನೀವು ಮಕ್ಕಳನ್ನ ಮರದ ಕೆಳಗೆ ಕೂರಿಸಿ ಪಾಠ ಮಾಡ್ತಿದ್ರಿ. ನಗ್ತಾ ಇದ್ರಿ. ಬೇಡ ಅಂದವರ ಮುಂದೆ ಹೋಗಿ ಯಾಕೆ ಬೇಡ ಅಂತ ಕೇಳೋ ಧೈರ್ಯ ಬರ್ಲಿಲ್ಲ. ವಾಪಸ್ ಹೋದೆ. ಆಮೇಲೆ ಮನೇಲಿ ನಾಲ್ಕು ಹೆಣ್ಣು ತೋರಿಸಿದ್ರು. ಯಾರ ಮನೇಲೂ ನಂಗೆ ಏನೂ ಕೇಳ್ಬೇಕು ಅನ್ನಿಸಲಿಲ್ಲ."

ಕೆಳಗೆ ಎಲ್ಲೋ ವಿಮಲ ಕೂಗುತ್ತಿದ್ದಳು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಿರಿಜಾ ಹುಳಿಯಾರಿನ ಸಂಬಂಧದ ಸಂಗತಿ ತಿಳಿಸಿದಳು. ಊರು ತಲುಪಿದ ದಿನವೇ ಅಪ್ಪನಿಗೆ ಉತ್ತರ ಹೇಳಬೇಕು ಎಂದಳು. ಅವನ ಮುಖ ಬಿಳಿಚಿಕೊಂಡಿತು. ಊರಿಗೆ ಹೋದ ಕೂಡಲೇ ತನ್ನ ತಂದೆಯನ್ನು ಅವರ ಮನೆಗೆ ಕಳಿಸುತ್ತೇನೆ, ಹಿರಿಯರು ಕೂತು ಮಾತಾಡಲಿ ಎಂದು ಶುರುಮಾಡಿದ.

ಗಿರಿಜಾ ಕೈಯೆತ್ತಿ ತಡೆದಳು. ಹಿರಿಯರಂತೆ, ಶಾಸ್ತ್ರವಂತೆ, ಚೀಲವಂತೆ. ಅವಳಿಗೆ ಸಾಕಾಗಿಹೋಗಿತ್ತು.

"ನೀವು ಹೇಳಿ. ಇಲ್ಲೇ, ಈಗಲೇ. ನಿಮ್ಮ ಬಾಯಿಂದ."

ಅವನು ಟೋಪಿ ತೆಗೆದ.

"ನೀವು ಅಂದ್ರೆ ನಂಗೆ ಇಷ್ಟ. ಅವತ್ತಿಂದಲೂ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು. ಆದರೆ ಹನ್ನೊಂದು ತಿಂಗಳ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುತ್ತದೆಯೇ? ಇಳಿಜಾರಿನ ಕೆಳಗೆ ದೂರದಲ್ಲಿ ಕಾಣುತ್ತಿದ್ದ ಒಂದು ದೊಡ್ಡ ಬಂಡೆಯನ್ನು ತೋರಿಸಿದಳು.

"ನಾನು ಹನ್ನೊಂದು ತಿಂಗಳು ಕಾದಿದೀನಿ. ನೀವು ಆ ಬಂಡೆ ತನಕ ಕಾಯಿರಿ."

ಅವನು ಹಿಂದೆ ಹಿಂದೆ ನಡೆದ. ಅವಳು ಬೇಕೆಂದೇ ನಿಧಾನ ಮಾಡಿದಳು. ಅಲ್ಲಲ್ಲಿ ನಿಂತು ಬೂಟಿನ ಕೆಸರು ಕೆರೆದಳು, ಎಲ್ಲೂ ಇಲ್ಲದ ಹೂವು ಹುಡುಕಿದಳು. ಒಂದು ಕಡೆ ಜಾರುವಂತಾದಾಗ ಅವನು ತೋಳು ಹಿಡಿದ. ಈ ಸಲ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ಬಂಡೆ ಬಂತು. ಅವನು ಅವಳ ಮುಖವನ್ನೇ ನೋಡುತ್ತ ನಿಂತ. ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗರನ್ನು ಅವಳು ಎಷ್ಟೋ ನೋಡಿದ್ದಳು, ಇಷ್ಟು ಹೆದರಿದವನನ್ನು ನೋಡಿರಲಿಲ್ಲ.

"ಆಗ್ತೀನಿ," ಎಂದಳು.

ಅವನು ಬಂಡೆಗೆ ಒರಗಿಕೊಂಡು ಕಣ್ಣು ಒರೆಸಿಕೊಂಡ.

"ಮನಾಲಿಗೆ ಇಳಿದ ತಕ್ಷಣ ಅಪ್ಪಂಗೆ ಟೆಲಿಗ್ರಾಮ್ ಕೊಡೋಣ," ಎಂದಳು ಅವಳು. "ಹುಳಿಯಾರಿಗೆ ಬೇಡ ಅಂತ ನಾನು ಬರೀತೀನಿ. ಅದರ ಕೆಳಗೆ ನೀವು ಬರೀರಿ."

"ಏನಂತ ಬರೀಲಿ?"

"ನಮ್ಮಪ್ಪ ಜಗುಲಿ ಮೇಲೆ ಕೂತು ಕಾಯ್ತಿದ್ದದ್ದು ಏನನ್ನೋ, ಅದನ್ನ."

ಹಾಲಸ್ವಾಮಿ ಬೆರಳು ಮಡಿಸಿ ಪದ ಎಣಿಸಿದ.

"ಹುಡುಗಿ ಒಪ್ಪಿಗೆ. ತಡವಾಯ್ತು, ಕ್ಷಮಿಸಿ. ಇಷ್ಟು ಸಾಕಾ?"

"ಸಾಕು," ಎಂದಳು ಗಿರಿಜಾ. ಹೇಳುತ್ತ ಹೇಳುತ್ತಲೇ ಅಳು ಬಂದುಬಿಟ್ಟಿತು.