ಡೊಣ್ಣೆಬಾಲನ ಖಾಲಿ ಹಾಳೆಗಳು

ಪ್ರಕಾಶನದ ಯಜಮಾನರು ಕತ್ತರಿಯಿಂದ ಲಕೋಟೆಯ ಒಂದು ಬದಿಯನ್ನು ಕತ್ತರಿಸಿ, ಒಳಗಿದ್ದ ಹಾಳೆಗಳನ್ನು ಮೇಜಿನ ಮೇಲೆ ಸುರಿದರು. ಪುಟದಕ್ಕ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಹನ್ನೆರಡು ಹಾಳೆ. ಒಂದರಲ್ಲೂ ಒಂದಕ್ಷರವಿರಲಿಲ್ಲ.

“ಕತೆ ಎಲ್ಲಿ?” ಎಂದರು ಯಜಮಾನರು.

ಆ ಮೂರು ಕೋಣೆಯ ಪುಟ್ಟ ಪ್ರಕಾಶನ ಹದಿನೆಂಟು ವರ್ಷಗಳಿಂದ ಉಸಿರಾಡುತ್ತಿದ್ದುದೇ ಡೊಣ್ಣೆಬಾಲನಿಂದ. ಬಾಲದ ತುದಿಯಲ್ಲಿ ಡೊಣ್ಣೆಯಂಥ ಗಂಟಿದ್ದ ಮರಿ ಡೈನೋಸಾರ್ ಅವನು. ತಿರುಗಿದರೆ ಹಿಂದಿದ್ದದ್ದು ಚೂರು, ಓಡಿದರೆ ಪಕ್ಕದಲ್ಲಿದ್ದದ್ದು ಚೂರು. ಕ್ಷಮೆ ಕೇಳಲು ಬಗ್ಗಿದರೆ ಕ್ಷಮಿಸಬೇಕಾದವರೇ ಉರುಳಿಬೀಳುತ್ತಿದ್ದರು. ಮಕ್ಕಳಿಗೆ ಅವನೆಂದರೆ ಪ್ರಾಣ. ಅವನ ಕತೆ ಬರೆಯುವ ಹಿರಿಯಾಕೆಯನ್ನು ಎಲ್ಲರೂ ಕತೆಯಮ್ಮ ಎನ್ನುತ್ತಿದ್ದರು. ಚಿತ್ರ ಬರೆಯುವವನು ಬಾಲಪ್ಪ. ತಾಯ್ತಂದೆ ಇಟ್ಟ ಹೆಸರು ಬೇರೆ, ಬಾಲ ಬರೆದೂ ಬರೆದೂ ಅಂಟಿಕೊಂಡ ಹೆಸರು ಇದು. ಪುಟ ಜೋಡಿಸುವವಳು ಪುಟದಕ್ಕ. ಕರಡು ತಿದ್ದುವ ಹಿರಿಯರಿಗೆ ನಡು ಬಾಗಿತ್ತು, ಮಾತಿನ ಮಧ್ಯೆ ತಡೆದು ನಿಲ್ಲುವ ಅಭ್ಯಾಸವೂ ಇತ್ತು. ಹಾಗಾಗಿ ಅವರು ಅಲ್ಪವಿರಾಮ.

ಕಾಣೆಯಾದ ಬೀಗದ ಕೈ, ಯಾರೋ ಕದ್ದು ಓದಿದ ಕಾಗದ, ಕಚೇರಿಯಲ್ಲಿ ಏನೇ ಆದರೂ ಪತ್ತೆ ಹಚ್ಚುತ್ತಿದ್ದವರು ಅಲ್ಪವಿರಾಮ ಅವರೇ. ತಪ್ಪು ಹುಡುಕುವುದು ಅವರ ಹೊಟ್ಟೆಪಾಡು. ಆ ಚಟ ಕಾಗದದಿಂದ ಮನುಷ್ಯರಿಗೂ ಹಬ್ಬಿತ್ತು, ಅಷ್ಟೆ. ಹನ್ನೊಂದು ವರ್ಷದಿಂದ ಅವರ ಎದುರು ಮೇಜಿನಲ್ಲಿ ಕೂತಿದ್ದ ಪುಟದಕ್ಕ ಅವರ ಬಲಗೈ.

ಯಜಮಾನರು ಬಾಲಪ್ಪನ ಕಡೆ ತಿರುಗಿದರು. “ನಿನ್ನೆ ಸಂಜೆ ಕತೆಯಮ್ಮನ ಮಗಳು ಇದನ್ನ ತಂದುಕೊಟ್ಟಳು. ನಾನೇ ಬೀರುವಿನಲ್ಲಿಟ್ಟೆ. ಬೀರು ಇರೋದು ನಿನ್ನ ಕೋಣೇಲಿ, ಕೀಲಿ ನೇತಾಡೋದು ಅದೇ ಗೋಡೇಲಿ. ಕೊನೆಗೆ ಮನೆಗೆ ಹೋದವನು ನೀನು. ಈ ಹಾಳೆಗಳೂ ನಿನ್ನ ಕಪಾಟಿನ ಕಾಗದವೇ. ಹೋದ ವಾರ ‘ಈ ಬಾಲಗಳ ಸಹವಾಸ ಸಾಕಪ್ಪಾ ಸಾಕು’ ಅಂತ ಕುಂಚ ಎಸೆದವನೂ ನೀನೇ.”

“ಬೇಜಾರು ಅಂದೆ, ಕದೀತೀನಿ ಅಂದ್ನಾ?” ಬಾಲಪ್ಪನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. “ಸಂಸಾರ ಬೇಜಾರು ಅಂತ ದಿನಾ ಅಂತೀನಿ. ಸಂಜೆ ಮನೆಗೆ ಹೋಗದೆ ಇರ್ತೀನಾ?”

“ಮಧ್ಯಾಹ್ನದೊಳಗೆ ಕತೆ ಬರಬೇಕು. ಇಲ್ಲಾಂದ್ರೆ ಬಣ್ಣ, ಕುಂಚ ಗಂಟು ಕಟ್ಕೊಂಡು ಹೊರಡು.”

ಅಲ್ಪವಿರಾಮ ಲಕೋಟೆಯನ್ನು ಎತ್ತಿಕೊಂಡರು. ಅಂಟಿಸಿದ ಬಾಯಿಯ ಮೇಲೆ, ಅಡ್ಡಲಾಗಿ, ಕತೆಯಮ್ಮನ ನೀಲಿ ಮಸಿಯ ಸಹಿ. ಎಲ್ಲಿಯೂ ಮುರಿದಿರಲಿಲ್ಲ.

“ಬಿಸಿ ಹಬೆ ಹಿಡಿದು ಬಿಚ್ಚಿ, ಮತ್ತೆ ಅಂಟಿಸಿರ್ತಾನೆ,” ಎಂದರು ಯಜಮಾನರು.

ಅಲ್ಪವಿರಾಮ ನಾಲಿಗೆಗೆ ಬೆರಳು ಮುಟ್ಟಿಸಿ ಸಹಿಯ ಕೊನೆಯ ಸುಳಿಯನ್ನು ಸವರಿದರು. ನೀಲಿ ಕೂಡಲೇ ಹರಡಿಕೊಂಡಿತು. “ಹೂಂ,” ಎಂದರು, ಅಷ್ಟೆ.

ತಮ್ಮ ಕೋಣೆಗೆ ಬಂದು ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಪ್ರತಿ ಹಾಳೆಯ ಹಿಂಬದಿಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ, ನೀಲಿ ಮಸಿಯಲ್ಲಿ, ಒಂದು ಅಂಕಿ. ಪುಟದಕ್ಕನಿಗೆ ಅದರ ಪರಿಚಯವಿತ್ತು. ಕತೆಯಮ್ಮ ಮೊದಲು ಎಲ್ಲ ಹಾಳೆಗೂ ಅಂಕಿ ಹಾಕಿ ಆಮೇಲೆ ಬರೆಯಲು ಕೂರುತ್ತಿದ್ದರು. ‘ಮೊದಲು ಕುರ್ಚಿ ಹಾಕಬೇಕು, ಆಮೇಲೆ ನೆಂಟರನ್ನ ಕರೀಬೇಕು’ ಎಂಬುದು ಅವರ ಮಾತು.

“ಈ ಕಾಗದ ಅವರಿಗೂ ನಾವೇ ಕಳಿಸೋದಲ್ವಾ ಅಣ್ಣಾ?” ಎಂದಳು ಪುಟದಕ್ಕ.

“ಹೌದು. ಅಂಕಿ ಓದು.”

“ಒಂದು, ಎರಡು, ಮೂರು… ಏಳು. ಆಮೇಲೆ ಮತ್ತೆ ನಾಲ್ಕು. ಐದು, ಆರು, ಏಳು. ಕೊನೇದು ಎಂಟು.” ಅವಳು ನಕ್ಕಳು. “ನಕಲು ಮಾಡಿದ ಕಳ್ಳನಿಗೆ ಮಗ್ಗಿ ಬಿಡಿ, ಎಣಿಸೋಕೂ ಬರಲ್ಲ.”

ಅಲ್ಪವಿರಾಮ ನಗಲಿಲ್ಲ. ಕತೆಯಮ್ಮನ ಮಗಳಿಗೆ ಫೋನ್ ಮಾಡಿದರು. “ಅಮ್ಮನ್ನ ಕರ್ಕೊಂಡು ಬಾ ತಾಯಿ. ಬರುವಾಗ, ಈ ಕತೆಗೆ ಅಂತ ನಾವು ಕಳಿಸಿದ ಮಸಿ ಬಾಟಲಿ ತಗೊಂಡು ಬಾ.”

ಕತೆಯಮ್ಮ ಬರೆದು, ಹೊಡೆದುಹಾಕಿ, ಮತ್ತೆ ಬರೆಯುವವರು. ಒಂದು ಕತೆ ಮುಗಿಯುವಷ್ಟರಲ್ಲಿ ಒಂದು ಬಾಟಲಿಯ ತಳ ಕಾಣುತ್ತಿತ್ತು. ಪ್ರತಿ ಸಲ ಹೊಸ ಬಾಟಲಿ ಕೊಂಡು ಕಳಿಸುತ್ತಿದ್ದವಳು ಪುಟದಕ್ಕನೇ.

ಹನ್ನೊಂದೂವರೆಗೆ ತಾಯಿ ಮಗಳು ಬಂದರು. ಮಗಳು ಚೀಲದಿಂದ ಬಾಟಲಿ ತೆಗೆದು ಅಲ್ಪವಿರಾಮ ಅವರ ಕೈಗಿಟ್ಟಳು, ಕಣ್ಣು ಮಾತ್ರ ಎತ್ತಲಿಲ್ಲ. ಮಸಿ ಕತ್ತಿನವರೆಗೂ ತುಂಬಿತ್ತು.

ಪುಟದಕ್ಕ ಹಜಾರದಲ್ಲಿ ಅಲ್ಪವಿರಾಮ ಅವರ ತೋಳು ಹಿಡಿದು ನಿಲ್ಲಿಸಿದಳು. “ಹೇಳಲೇಬೇಕಾ ಅಣ್ಣಾ?”

“ಹೇಳದಿದ್ರೆ ಬಾಲಪ್ಪನ ಅನ್ನ ಹೋಗುತ್ತೆ.” ಅವರು ಗೋಡೆಗೆ ಒರಗಿದರು. “ಮೂವತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕ್ತಿದೀನಿ. ನನ್ನ ಲೆಕ್ಕವೇ ತಪ್ಪಾಗಿರಲಿ ಅಂತ ಅನ್ನಿಸಿದ್ದು ಇವತ್ತೇ ಮೊದಲು.”

ಎಲ್ಲರೂ ಬಾಲಪ್ಪನ ಕೋಣೆಯಲ್ಲಿ ಸೇರಿದರು. ಕತೆಯಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಕ್ಕಳಂತೆ ಮುಂದಕ್ಕೆ ಬಾಗಿ ಕೂತರು. “ಕಳ್ಳ ಯಾರಪ್ಪಾ? ಬೇಗ ಹೇಳು. ಬರೆದೂ ಬರೆದೂ ಬೆರಳೆಲ್ಲ ನೋಯ್ತಿದೆ ನಂಗೆ.”

ಅಲ್ಪವಿರಾಮ ಲಕೋಟೆ ತೋರಿಸಿದರು. “ಇದನ್ನ ಹಬೇಲಿ ಬಿಚ್ಚಿದ್ರೆ ಈ ಮಸಿ ಹರಡಬೇಕಿತ್ತು. ಒದ್ದೆ ಬೆರಳು ಸೋಕಿದ್ರೆ ಹರಡುತ್ತೆ, ನೀವೇ ನೋಡಿದ್ರಿ. ಸಹಿ ಮುರಿದಿಲ್ಲ, ಹರಡಿರಲಿಲ್ಲ. ಅಂದ್ರೆ ಕತೆಯಮ್ಮ ಸಹಿ ಹಾಕಿದ ಮೇಲೆ ಇದರ ಬಾಯಿ ಯಾರೂ ಬಿಚ್ಚಿಲ್ಲ. ಬೀರುವಿನ ಕೀಲಿ ಯಾರ ಕೈಗೆ ಸಿಕ್ಕಿತ್ತು ಅನ್ನೋ ಮಾತೇ ಬೇಡ. ಬಾಲಪ್ಪ ಮುಟ್ಟಿಲ್ಲ.”

ಬಾಲಪ್ಪ ಸ್ಟೂಲು ಎಳೆದುಕೊಂಡು ಕೂತ.

“ಹಾಗಾದ್ರೆ ಮನೇಲೇ ಬದಲಾಗಿದೆ!” ಯಜಮಾನರು ಮಗಳನ್ನು ನೋಡಿದರು.

“ಅಂಟಿಸಿದ್ದು ಯಾರು ತಾಯಿ?” ಎಂದರು ಅಲ್ಪವಿರಾಮ.

“ಅಮ್ಮನೇ. ಒಳಗಿಟ್ಟು, ಅಂಟಿಸಿ, ಸಹಿ ಹಾಕಿ ನನ್ನ ಕೈಗೆ ಕೊಟ್ಲು.”

“ಇವು ಬೇರೆ ಯಾರೋ ತುರುಕಿದ ಹಾಳೆಗಳೂ ಅಲ್ಲ. ಹಿಂಬದಿಯಲ್ಲಿ ಕತೆಯಮ್ಮನ ಕೈಯಿಂದಲೇ ಅಂಕಿ ಬಿದ್ದಿದೆ. ಬರೆಯೋಕೆ ಮುಂಚೆ ಹಾಕೋ ಅಂಕಿ. ಆದರೆ ಏಳಾದ ಮೇಲೆ ಮತ್ತೆ ನಾಲ್ಕಕ್ಕೆ ಹೋಗಿದೆ. ಇನ್ನು ಈ ಬಾಟಲಿ. ಒಂದು ಕತೆಗೆ ಒಂದು ಬಾಟಲಿ ಖರ್ಚು ಮಾಡೋರು ನೀವು, ಕತೆಯಮ್ಮಾ. ಇದರಲ್ಲಿ ಖರ್ಚಾಗಿರೋದು ಹನ್ನೆರಡು ಅಂಕಿ, ಒಂದು ಸಹಿಗೆ ಸಾಕಾಗೋವಷ್ಟು. ಆದ್ದರಿಂದ…”

ಅವರು ನಿಂತುಬಿಟ್ಟರು. ಪುಟದಕ್ಕ ಕಾದಳು. ಈ ಸಲದ ವಿರಾಮ ಮುಗಿಯುವಂತೆ ಕಾಣಲಿಲ್ಲ.

ಕತೆಯಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಾಳೆಗಳನ್ನು ಕೇಳಿ ತರಿಸಿಕೊಂಡು ತಾವೇ ಎಣಿಸಿದರು. ಏಳರ ಮುಂದಿನ ನಾಲ್ಕಕ್ಕೆ ಬಂದಾಗ ಬೆರಳು ನಿಂತಿತು.

“ಆದ್ದರಿಂದ ನಾನು ಬರೆದೇ ಇಲ್ಲ,” ಎಂದರು.

ಮಗಳು ಬಿಕ್ಕಿದಳು. “ಎರಡು ತಿಂಗಳಿಂದ ನೀನು ದಿನಾ ಪೆನ್ನು ಹಿಡ್ಕೊಂಡು ಕೂರ್ತಿದ್ದೆ ಅಮ್ಮಾ. ಹಾಳೆ ಹಾಗೇ ಇರ್ತಿತ್ತು. ನೀನು ಮುಗೀತು ಅಂತ ಖುಷಿಯಿಂದ ಅಂಟಿಸಿಕೊಟ್ಟಾಗ, ಒಂದು ವೇಳೆ ಬರೆದಿದ್ರೂ ಬರೆದಿರಬಹುದು ಅಂದುಕೊಂಡೆ. ಬಿಚ್ಚಿ ನೋಡೋ ಧೈರ್ಯ ಆಗಲಿಲ್ಲ.”

“ನಂಗೆ ಬರೆದ ನೆನಪಿದೆ ಕಣೇ. ಒಂದೊಂದು ಸಾಲೂ ನೆನಪಿದೆ.”

ಯಜಮಾನರು ಎದ್ದು ಬಾಲಪ್ಪನ ಮುಂದೆ ನಿಂತರು. “ತಪ್ಪಾಯ್ತಪ್ಪಾ,” ಎಂದರು. ಬಾಲಪ್ಪ ತಲೆಯಾಡಿಸಿದ, ಅವನ ಕಣ್ಣು ಕತೆಯಮ್ಮನ ಮೇಲಿತ್ತು.

ಪುಟದಕ್ಕ ಖಾಲಿ ಹಾಳೆಯೊಂದನ್ನು ಮುಂದೆಳೆದುಕೊಂಡಳು. “ಸಾಲು ನೆನಪಿದ್ರೆ ಬಾಯಲ್ಲಿ ಹೇಳಿ ಅಮ್ಮಾ. ನಾನು ಬರ್ಕೋತೀನಿ. ಇವತ್ತು ಎಷ್ಟಾಗುತ್ತೋ ಅಷ್ಟು. ನಾಳೆ ನಾನೇ ನಿಮ್ಮ ಮನೆಗೆ ಬರ್ತೀನಿ.”

ಕತೆಯಮ್ಮ ಒಲ್ಲೆನೆಂಬಂತೆ ಮುಖ ತಿರುಗಿಸಿದರು. ಯಾರೂ ಒತ್ತಾಯಿಸಲಿಲ್ಲ, ಯಾರೂ ಏಳಲೂ ಇಲ್ಲ. ಸುಮಾರು ಹೊತ್ತಿನ ಮೇಲೆ ಅವರು ಕಿಟಕಿಯಾಚೆ ನೋಡುತ್ತಲೇ ಶುರುಮಾಡಿದರು.

“ಒಂದಿನ ಕಣ್ಣಾಮುಚ್ಚಾಲೆ ಆಟ. ಡೊಣ್ಣೆಬಾಲ ಪೊದೆಯೊಳಗೆ ಅಡಗಿಕೊಂಡ. ಬಾಲ ಮಾತ್ರ ಹೊರಗೆ. ಒಂದು ಹಕ್ಕಿ ಬಂತು. ಮರದ ಕೊಂಬೆ ಅಂದುಕೊಂಡು ಬಾಲದ ಮೇಲೆ ಗೂಡು ಕಟ್ಟಿ ಮೊಟ್ಟೆ ಇಟ್ಟುಬಿಡ್ತು. ಈಗ ಏನು ಮಾಡ್ತಾನೆ? ಹುಟ್ಟಿದಾಗಿನಿಂದ ಒಂದು ನಿಮಿಷ ನೆಟ್ಟಗೆ ನಿಂತವನಲ್ಲ. ಮೂಗಿನ ಮೇಲೆ ಇರುವೆ ಬಂದರೂ ಅಲ್ಲಾಡೋ ಹಾಗಿಲ್ಲ. ಸೀನು ಬಂದರೆ…”

ಮಗಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಪುಟದಕ್ಕನ ಕೈ ಓಡುತ್ತಿತ್ತು. ಬಾಲಪ್ಪ ಪೆನ್ಸಿಲ್ ಚೂಪು ಮಾಡಿಕೊಂಡು, ಪೊದೆಯಿಂದ ಹೊರಬಿದ್ದ ಬಾಲ ಬರೆದ, ಅದರ ಮೇಲೆ ಗೂಡು ಬರೆದ.

“ಎಷ್ಟು ಮೊಟ್ಟೆ ಅಮ್ಮಾ?” ಎಂದ.

ಕತೆಯಮ್ಮ ಯೋಚಿಸಿದರು. ಕೋಣೆಯಲ್ಲಿ ಎಲ್ಲರೂ ಕಾದರು.

“ಮೂರು,” ಎಂದರು. ಸ್ವಲ್ಪ ತಡೆದು, “ಇಲ್ಲ, ನಾಲ್ಕು.”

ಬಾಲಪ್ಪ ಇನ್ನೊಂದು ಮೊಟ್ಟೆ ಬರೆದ.