ಹೆಮ್ಮರದ ಚಿನ್ನದ ಡಾಬು

ಬಹಳ ಬಹಳ ಹಿಂದೆ, ಒಂದು ಹೆಮ್ಮರದೊಳಗೆ ಒಂದು ರಾಜ್ಯವಿತ್ತು. ಮೇಲೆ ಎಲೆಪಟ್ಟಣ, ಕೆಳಗೆ ಬೇರೂರು. ಬೇರೂರಿನವರು ಮೇಲಕ್ಕೆ ನೀರೇರಿಸುತ್ತಿದ್ದರು. ಎಲೆಪಟ್ಟಣದವರು ಬಿಸಿಲಲ್ಲಿ ಸಕ್ಕರೆ ಪಾಕ ಮಾಡಿ ತೊಗಟೆಯೊಳಗಿನ ಓಣಿಗೆ ಸುರಿಯುತ್ತಿದ್ದರು. ಪಾಕಕ್ಕೆ ತಾನಾಗಿ ನಡೆಯಲು ಬಾರದು. ಸಿಹಿ ಕಂಡೊಡನೆ ಪಕ್ಕದ ಓಣಿಯ ನೀರು ನುಗ್ಗಿ ಬಂದು ಅದನ್ನು ಬೇರೂರಿನ ತನಕ ತಳ್ಳಿಕೊಂಡು ಹೋಗುತ್ತಿತ್ತು.

ಒಂದು ದಿನ ವಜ್ರಕೀಲನೆಂಬ ಮಾಂತ್ರಿಕ ಬಂದು, ಮರದ ಸೊಂಟಕ್ಕೆ ಚಿನ್ನದ ಡಾಬು ತೊಡಿಸುತ್ತೇನೆಂದ. ಅಲಂಕಾರವೆಂದರೆ ಬಾಯಿಬಿಡುವ ರಾಜ ಪರ್ಣಸೇನ ಹೂಂಗುಟ್ಟಿದ. ಡಾಬು ತೊಗಟೆಯನ್ನು ಕಚ್ಚಿ ಪಾಕದ ಓಣಿಯನ್ನು ಹಿಸುಕಿತು. ಇಳಿಯಲಾರದ ಪಾಕ ಮೇಲೆಯೇ ನಿಂತು ಹಣ್ಣುಗಳು ಎಂದಿಗಿಂತ ಸಿಹಿಯಾದವು. ರಾಜ ಹಿಗ್ಗಿ ಮಾಂತ್ರಿಕನಿಗೆ ಶಾಲು ಹೊದಿಸಿದ. ಬೇರು ಸತ್ತರೆ ಒಣಮರ ಕಡಿದು ಅರಮನೆ ಕಟ್ಟಿಕೊಳ್ಳುವುದು ಮಾಂತ್ರಿಕನ ಹಂಚಿಕೆಯೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಬೇರೂರು ಹಸಿವಿನಿಂದ ಬಾಡಿತು. ನೀರೇರಿಸುವ ಒರತೆಯೆಂಬ ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಳು. ಮೇಲೆ ಹೋಗಿ ಒಂದಿಷ್ಟು ಬೇಡಿ ತಾ ಎಂದು ಹಿರಿಯರು ಒರತೆಗೆ ಹೇಳಿದರು.

ಅಜ್ಜಿ ತಲೆಯೆತ್ತಿ, "ಬೇಡಿ ತಂದರೆ ನಾ ಮುಟ್ಟೋಳಲ್ಲ ಕಣೇ," ಎಂದಳು.

ಒರತೆ ನೀರಿನ ಓಣಿ ಹಿಡಿದು ಮೇಲೇರಿದಳು. ದಾರಿಯಲ್ಲಿ ಆನೆಗಾತ್ರದ ಇರುವೆ ಅಡ್ಡ ನಿಂತು, ಹಿಂದಿರುಗಿದರೆ ಕೊಡದ ತುಂಬ ಪಾಕ ಕೊಡುತ್ತೇನೆಂದಿತು.

"ಬಿಟ್ಟಿ ಪಾಕ ಬೇಡ, ನಮ್ಮ ದಾರಿ ಬೇಕು," ಎಂದಳು ಒರತೆ. ಇರುವೆ ಕುಗ್ಗಿ ಬರೀ ಇರುವೆಯಾಯಿತು. ಮಾಂತ್ರಿಕನ ಮಾಯೆ ಆಸೆಪಟ್ಟವರ ಮೇಲೆ ಮಾತ್ರ ನಡೆಯುತ್ತಿತ್ತು.

ಕಬ್ಬಿಣದ ಕೊಕ್ಕಿನ ಮರಕುಟಿಗ ಬಂಡಿ ತುಂಬ ಕೊಡುತ್ತೇನೆಂದಿತು. ಅವಳದು ಅದೇ ಉತ್ತರ. ಹೆಬ್ಬಾವು, ನೀನೊಬ್ಬಳು ಎಲೆಪಟ್ಟಣದಲ್ಲೇ ಇದ್ದುಬಿಡು ಎಂದಿತು. ಅಲ್ಲಿ ಒರತೆಯ ಕಾಲು ಒಂದು ಗಳಿಗೆ ತಡೆಯಿತು, ಹಸಿದವಳಲ್ಲವೇ. ಆದರೂ ಅದೇ ಮಾತು ಹೇಳಿ ದಾಟಿದಳು.

ಡಾಬಿನ ಬಳಿ ರಾಜನೂ ಮಾಂತ್ರಿಕನೂ ನಿಂತಿದ್ದರು. ಎಷ್ಟು ಪಾಕ ಬೇಕು ಮಗಳೇ ಎಂದು ರಾಜ ಕೇಳಿದ.

"ನಾವೇರಿಸಿದ ನೀರಿಲ್ಲದೆ ನಿಮ್ಮ ಪಾಕವಿಲ್ಲ, ಪ್ರಭು. ನಾವು ಭಿಕ್ಷುಕರಲ್ಲ," ಎಂದು ಒರತೆ ನೀರಿನ ಓಣಿಗೆ ಬಾಯಿಟ್ಟು ತನ್ನವರನ್ನು ಕೂಗಿದಳು.

ಬೇರೂರಿನವರು ಉಳಿದಿದ್ದ ಕಸುವನ್ನೆಲ್ಲ ಹಾಕಿ ನೀರೇರಿಸಿದರು. ಡಾಬಿನ ಮೇಲೆ ತುಂಬಿದ್ದ ಪಾಕ ಆ ನೀರನ್ನೆಲ್ಲ ಸೆಳೆದುಕೊಂಡಿತು. ತೊಗಟೆ ಉಬ್ಬಿತು, ಇನ್ನೂ ಉಬ್ಬಿತು, ಡಾಬು ಫಟ್ಟೆಂದು ಸಿಡಿಯಿತು. ಅದರಲ್ಲೇ ಪ್ರಾಣವಿಟ್ಟಿದ್ದ ಮಾಂತ್ರಿಕ ತರಗೆಲೆಯಾಗಿ ಹಾರಿಹೋದ. ರಾಜ ನಾಚಿ ತನ್ನ ಸೊಂಟದ ಡಾಬನ್ನೂ ಬಿಚ್ಚಿಟ್ಟ. ಪಾಕ ದಡದಡನೆ ಬೇರೂರಿಗೆ ಇಳಿಯಿತು.

ಒರತೆ ಕೆಳಗಿಳಿದು ಬಂದು ಬೊಗಸೆಯಲ್ಲಿ ಪಾಕ ಹಿಡಿದು ಅಜ್ಜಿಯ ಮುಂದೆ ಕೂತಳು. ಅಜ್ಜಿ ತುಟಿ ಬಿಗಿದು, "ಬೇಡಿದೆಯೇನೇ?" ಎಂದಳು.

"ಇಲ್ಲಜ್ಜಿ. ನಮ್ಮ ನೀರೇ ತಳ್ಳಿಕೊಂಡು ಬಂತು."

ಅಜ್ಜಿ ಎದ್ದು ಕೂತು, ಬೊಗಸೆ ಬರಿದಾಗುವ ತನಕ ಕುಡಿದಳು. ಅಂದಿನಿಂದ ಮೇಲಿನವರೂ ಕೆಳಗಿನವರೂ ತಲೆಯೆತ್ತಿಕೊಂಡು ಸುಖವಾಗಿ ಬಾಳಿದರು.