ವರಸೆ ತಪ್ಪಿಸಿದ ಹೆಸರು

ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನ ಆ ಸೂಪರ್‌ಮಾರ್ಕೆಟ್‌ನ ಕಾವಲುಗಾರ ಡಾಬೆಯನ್ನು ಮರೆತಿರಲಿಲ್ಲ.

"ಮತ್ತೆ ಬಂದ್ಯಾ ಕಾಡಣ್ಣ? ಹೋದ ವರ್ಷ ನೀನು ಉರುಳಿಸಿದ ಸೂಪ್ ಡಬ್ಬಿ ಕಪಾಟಿನಡಿ ಇನ್ನೂ ಸಿಗ್ತಾ ಇವೆ."

"ಈ ಸಲ ಓಡಲ್ಲ," ಎಂದ ಡಾಬೆ.

ದೂರದ ತನ್ನೂರು ತ್ಸುಮ್‌ಕ್ವೆಯಿಂದ ಲಾರಿಯ ಮೇಲೆ ಕೂತು ಬಂದವನ ರೆಪ್ಪೆಯಲ್ಲೂ ಧೂಳು. ಮುಖ ತೊಳೆಯದೆ ನೇರ ಬ್ರೆಡ್ ಕೌಂಟರಿಗೆ ನಡೆದ. ಅವಳು ಅಲ್ಲೇ ಇದ್ದಳು. ಕಂಡೂ ಕಾಣದವಳಂತೆ ಬ್ರೆಡ್ ಕೊಯ್ಯುತ್ತಲೇ ಇದ್ದಳು. ಆದರೆ ಹೋಳುಗಳು ಒಂದು ದಪ್ಪ, ಒಂದು ತೆಳ್ಳಗೆ ಬೀಳತೊಡಗಿದವು.

"ಏನ್ ಬೇಕಣ್ಣಾ?" ಕೊನೆಯ ಪದವನ್ನು ಬೇಕೆಂದೇ ಎಳೆದಳು.

ಹೋದ ವರ್ಷ ಅರಣ್ಯ ಕಾವಲಿನ ತರಬೇತಿಗೆ ಬಂದಿದ್ದಾಗ ಅವನು ದಿನವೂ ಇಲ್ಲಿ ಬ್ರೆಡ್ ಕೊಳ್ಳುತ್ತಿದ್ದ. ಬ್ರೆಡ್ ಅವನಿಗೆ ಸೇರುತ್ತಿರಲಿಲ್ಲ. ಅವಳು ನಗರದಲ್ಲೇ ಬೆಳೆದವಳಾದರೂ ಅವನದೇ ಜನ, ನಾಲಿಗೆ ಚಟ್ ಎನ್ನಿಸುತ್ತ ಆಡುವ ಅವನದೇ ಮಾತು. ಪೋಲಿ ಜೋಕಿಗೆ ಅವನಿಗಿಂತ ಪೋಲಿಯಾಗಿ ಉತ್ತರ ಕೊಡುತ್ತಿದ್ದಳು. ಅವನ ಹೆಸರನ್ನು ಮೊದಲ ದಿನವೇ ಕೇಳಿದ್ದಳು. ಅವಳ ಹೆಸರು ಮಾತ್ರ ಅವನು ಕೇಳಿರಲಿಲ್ಲ, ಎದೆಯ ಮೇಲಿನ ಹೆಸರಿನ ಬಿಲ್ಲೆಯತ್ತ ಕಣ್ಣೂ ಹಾಯಿಸಿರಲಿಲ್ಲ. ಕೇಳದಿದ್ದರೆ ಅಡ್ಡಿಯೂ ಇಲ್ಲವೆಂಬ ಹೇಡಿ ಲೆಕ್ಕ.

ಒಂದು ದಿನ ಗಿರಾಕಿಯೊಬ್ಬಳು ಆ ಬಿಲ್ಲೆ ಓದಿ "ದಿಕ್ಸಾವ್" ಎಂದು ಕರೆದಳು. ಅದು ಡಾಬೆಯ ತಂಗಿಯ ಹೆಸರು. ಅವನ ಜನರಲ್ಲಿ ತಂಗಿಯ ಹೆಸರಿನವಳೂ ತಂಗಿಯೇ. ಮದುವೆಯ ವರಸೆ ಹಾಗಿರಲಿ, ಎದುರು ನಿಂತು ತಮಾಷೆ ಮಾಡುವುದೂ ತಪ್ಪು. "ಕ್ಷಮಿಸು ತಂಗಿ" ಎಂದು ಹಿಂದೆ ಸರಿದವನು ಡಬ್ಬಿಗಳ ಗೋಪುರ ಕೆಡವಿ ಓಡಿದ್ದ.

"ನಿನ್ನ ಹೆಸರು ದಿಕ್ಸಾವ್ ಅಲ್ವಂತೆ," ಎಂದ ಈಗ.

"ಯಾರಂದ್ರು?"

"ಆ ಬಿಲ್ಲೆ ನಿಜವಾಗಿ ಯಾರದೋ ಅವಳೇ, ನಿನಗಿಂತ ಮೊದ್ಲು ಇಲ್ಲಿದ್ದವಳು. ಇಲ್ಲಿ ಕೆಲ್ಸ ಬಿಟ್ಟು ನಮ್ಮೂರಿಗೆ ಬಂದಿದ್ದಾಳೆ."

"ಅವಳ ಬಿಲ್ಲೇನೇ ಕೊಟ್ರು, ನಂಗೆ ಹೊಸದು ಮಾಡಿಸ್ಲಿಲ್ಲ. ಎರಡೂ ನಾಲಿಗೆ ಚಟ್ ಅನ್ಸೋ ಹೆಸರೇ, ಯಾವ್ದಾದ್ರೇನು ಅಂದ ಮ್ಯಾನೇಜರು." ಚಾಕು ಕೆಳಗಿಟ್ಟಳು. "ನೀನೂ ಅವ್ನ ಥರಾನೇ. ಒಂದು ಮಾತು ಕೇಳ್ದೆ ಓಡ್ದೆ. ಹುಡುಗಿ ಬೇಡ ಅನ್ಸಿದ್ರೆ ಈ ಊರಿನ ಗಂಡಸ್ರು ಏನಂತಾರೆ ಗೊತ್ತಾ? ತಂಗಿ ಅಂತಾರೆ."

"ನಂಗೆ ಬೇಡ ಅನ್ಸಿರ್ಲಿಲ್ಲ."

ಅವಳು ಕೊಯ್ದ ಹೋಳುಗಳನ್ನು ಒಂದೆಡೆ ಸರಿಸಿದಳು. "ನನ್ನ ನಿಜವಾದ ಹೆಸರೇನು ಅಂತ ಅವ್ಳನ್ನ ಕೇಳ್ಲಿಲ್ವಾ?"

"ಲಾರಿ ಹೊರಟುಬಿಟ್ಟಿತ್ತು, ಓಡಿ ಹತ್ಕೊಂಡೆ."

ಅವಳು ತುಟಿ ಕಚ್ಚಿ ನಗು ತಡೆದಳು. ಡಾಬೆಗೆ ನಗುವ ಧೈರ್ಯವಿರಲಿಲ್ಲ. ಅವ್ವನ ಹೆಸರಾಗಿದ್ದರೆ ಎಲ್ಲ ಇಲ್ಲಿಗೇ ಮುಗಿಯಿತು.

"ಈಗ ಹೇಳು."

"ಚೂಕೊ."

ಅವನು ತಲೆ ತಗ್ಗಿಸಿದ.

"ಯಾರದು?" ಅವಳ ದನಿ ಮೊದಲ ಸಲ ಸಣ್ಣಗಾಯಿತು. "ನಿಮ್ಮವ್ವಂದಾ?"

"ನಮ್ಮಜ್ಜಿದು." ತಲೆ ಎತ್ತಿದಾಗ ಅವನ ಮುಖದ ತುಂಬ ನಗು.

ಅಜ್ಜಿಯ ಹೆಸರಿನವಳ ಜೊತೆ ಸಲಿಗೆಗೂ ಅಡ್ಡಿಯಿಲ್ಲ, ಮದುವೆಗೂ ಅಡ್ಡಿಯಿಲ್ಲ. ಅದು ಚೂಕೊಗೂ ಗೊತ್ತಿತ್ತು.

"ಹಂಗಾದ್ರೆ ಮೊಮ್ಮಗನೇ, ಮೊದ್ಲು ಮುಖ ತೊಳ್ಕೊ. ಸಂಜೆ ನಮ್ಮನೆಗೆ ಬಾ. ಅವ್ವ ನೋಡ್ಲಿ."

ಅವನಿಗೆ ಹೊಸ ಭಯ ಹುಟ್ಟಿತು. "ನನ್ನ ಹೆಸರು ನಿಮ್ಮಪ್ಪಂದೋ ಅಣ್ಣಂದೋ ಆಗಿದ್ರೆ?"

"ಆಗಿಲ್ಲ."

"ವಿಚಾರಿಸಿದ್ಯಾ?"

ಚೂಕೊ ಮತ್ತೆ ಚಾಕು ಕೈಗೆತ್ತಿಕೊಂಡಳು. ಬ್ರೆಡ್ಡಿನ ಕಡೆಗೇ ನೋಡುತ್ತ ಹೇಳಿದಳು:

"ಹೋದ ವರ್ಷ ನೀನು ಎರಡ್ನೇ ಸಲ ಬ್ರೆಡ್‌ಗೆ ಬಂದ್ಯಲ್ಲ, ಅವತ್ತೇ ಅವ್ವನ್ನ ಕೇಳಿಟ್ಕೊಂಡಿದ್ದೆ."